ವೈರಿ ಮತ್ತೆ ಬರುತ್ತಾನೆ: ಗೆದ್ದ ಮೇಲೆ ಏನು ಮಾಡಬೇಕು?

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ಹೋದ ವಾರ ಮೂರು ದಿನದ ಉಪವಾಸ ಪ್ರಾರ್ಥನೆ ಮುಗಿಸಿದ್ವಿ. ದೇವರು ನಮ್ಮ ಮಧ್ಯದಲ್ಲಿ ದೊಡ್ಡ ಕಾರ್ಯ ಮಾಡಿದರು, ಹಲ್ಲೆಲೂಯಾ! ಎಷ್ಟು ಜನ ಯೌವನಸ್ಥರು ಇಲ್ಲೇ ಮೊಣಕಾಲೂರಿ ಅತ್ತರು. ಎಷ್ಟು ಜನ ಎದ್ದು ನಿಂತು ಸಾಕ್ಷಿ ಹೇಳಿದರು. "ಪಾಸ್ಟರ್, ಇನ್ಮೇಲೆ ಮುಟ್ಟಲ್ಲ", "ಪಾಸ್ಟರ್, ಇನ್ಮೇಲೆ ನೋಡಲ್ಲ" ಅಂತ ನನ್ನ ಕೈ ಹಿಡ್ಕೊಂಡು ಹೇಳಿದರು. ಅವತ್ತು ರಾತ್ರಿ ನಾನು ಸಂತೋಷದಿಂದ ಮನೆಗೆ ಹೋದೆ. ಆದರೆ ಮಲಗಿದಾಗ ಪವಿತ್ರಾತ್ಮನು ನನ್ನ ಹೃದಯದಲ್ಲಿ ಒಂದು ಭಾರ ಇಟ್ಟನು. ಈ ಮಕ್ಕಳಿಗೆ ಗೆಲ್ಲೋದು ಹೇಗೆ ಅಂತ ಹೇಳಿಕೊಟ್ಟಿದ್ದೀಯ. ಗೆದ್ದ ಮೇಲೆ ಏನು ಮಾಡಬೇಕು ಅಂತ ಯಾವಾಗ ಹೇಳಿಕೊಡ್ತೀಯ? ಇವತ್ತು ಅದನ್ನೇ ಮಾತಾಡೋಣ.

ಸತ್ಯವೇದ ತೆಗೆಯಿರಿ. 1 ಅರಸುಗಳು 20ನೇ ಅಧ್ಯಾಯ, 22ನೇ ವಚನ. ಮೊಬೈಲಲ್ಲಿ ಓದೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಮೊದಲು ಹಿನ್ನೆಲೆ ಹೇಳ್ತೀನಿ. ಅಹಾಬ ಇಸ್ರಾಯೇಲಿನ ಅರಸ. ಒಳ್ಳೆಯ ಅರಸನೇನಲ್ಲ, ಅದು ನಿಮಗೆಲ್ಲ ಗೊತ್ತು. ಅರಾಮಿನ ಅರಸ ಬೆನ್ಹದದ 32 ರಾಜರನ್ನು ಕರ್ಕೊಂಡು ಬಂದು ಸಮಾರ್ಯಕ್ಕೆ ಮುತ್ತಿಗೆ ಹಾಕಿದ. ಅಹಾಬನ ಹತ್ತಿರ ಇದ್ದದ್ದು ಎಷ್ಟು ಜನ? ಲೆಕ್ಕ ಮಾಡಿದರೆ 232 ಯೌವನಸ್ಥರು, ಅವರ ಹಿಂದೆ 7,000 ಜನ. ಆದರೂ ದೇವರು ಜಯ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಬೆನ್ಹದದ ಡೇರೆಯಲ್ಲಿ ಕುಡಿದು ಮತ್ತನಾಗಿ ಕೂತಿದ್ದ. ಆ 232 ಹುಡುಗರು ಮುಂದೆ ಹೊರಟರು. ಬೆನ್ಹದದ ಕುದುರೆ ಹತ್ತಿ ಓಡಿಹೋದ. ಕರ್ತನಿಗೆ ಸ್ತೋತ್ರ!

ಈಗ ಎಲ್ಲರೂ ಸಂಭ್ರಮದಲ್ಲಿದ್ದಾರೆ. ಆಗ ಒಬ್ಬ ಪ್ರವಾದಿ ಬರ್ತಾನೆ. ನೀವಾಗಿದ್ರೆ ಏನು ನಿರೀಕ್ಷೆ ಮಾಡ್ತಿದ್ರಿ? "ಅರಸನೇ, ಶಭಾಷ್, ಹೋಗಿ ವಿಶ್ರಮಿಸಿಕೋ" ಅಂತ ಹೇಳ್ತಾನೆ ಅಂತ ಅಲ್ವಾ? ಅವನು ಹೇಳಿದ್ದರ ಸಾರ ಇದು: ಹೋಗು, ನಿನ್ನನ್ನು ಬಲಪಡಿಸಿಕೋ. ಏನು ಮಾಡಬೇಕು ಅಂತ ಚೆನ್ನಾಗಿ ಯೋಚನೆ ಮಾಡು. ವರುಷ ತಿರುಗಿ ಬಂದಾಗ ಅವನೂ ತಿರುಗಿ ಬರ್ತಾನೆ.

ಪ್ರಿಯರೇ, ಗಮನಿಸಿ. ಎಚ್ಚರಿಕೆ ಬಂದದ್ದು ಸೋತ ದಿನ ಅಲ್ಲ, ಗೆದ್ದ ದಿನ. ನಾವೇನು ಮಾಡ್ತೀವಿ? ಬಿದ್ದ ಮೇಲೆ ಪ್ರಾರ್ಥನೆ ಶುರು ಮಾಡ್ತೀವಿ. ಬಿದ್ದ ಮೇಲೆ ಪಾಸ್ಟರ್‌ಗೆ ಫೋನ್. ಗೆದ್ದಾಗ ಮಾತ್ರ ಸತ್ಯವೇದ ಬ್ಯಾಗಲ್ಲೇ ಇರುತ್ತೆ. ಮಳೆ ನಿಂತಾಗ ಸೂರು ಸರಿಮಾಡಿಸಬೇಕು. ಮಳೆ ಬರುವಾಗ ಹಂಚು ಹೊದಿಸೋಕೆ ಹೋದ್ರೆ ಹತ್ತಿದವನೂ ಜಾರಿ ಬೀಳ್ತಾನೆ.

ಮೊದಲನೇ ಮಾತು: ವೈರಿಗೆ ಒಂದು ಕ್ಯಾಲೆಂಡರ್ ಇದೆ.

ವರುಷ ತಿರುಗಿ ಬಂದಾಗ ಅಂದರೆ ಏನು? ಆ ದೇಶದಲ್ಲಿ ಮಳೆಗಾಲ ಮುಗಿದು ದಾರಿ ಒಣಗಿದಾಗ ಅರಸರು ಯುದ್ಧಕ್ಕೆ ಹೊರಡ್ತಿದ್ದರು. 2 ಸಮುವೇಲ 11:1 ನೋಡಿ, ಅಲ್ಲೂ ಇದೇ ಕಾಲ. ಎಲ್ಲರೂ ಯುದ್ಧಕ್ಕೆ ಹೋದರು, ದಾವೀದ ಮಾತ್ರ ಯೆರೂಸಲೇಮಿನಲ್ಲೇ ಉಳಿದ. ಒಂದು ಸಂಜೆ ಮಾಳಿಗೆ ಮೇಲೆ ಅಡ್ಡಾಡ್ತಾ ಇದ್ದ. ಆಮೇಲೆ ಏನಾಯ್ತು ಅಂತ ನಿಮಗೆ ಗೊತ್ತು. ಸಿಂಹದ ಮುಂದೆ, ಗೊಲ್ಯಾತನ ಮುಂದೆ ಬೀಳದವನು ಬಿಡುವಿನ ಒಂದು ಸಂಜೆ ಬಿದ್ದ.

ನಿಮ್ಮ ಕ್ಯಾಲೆಂಡರ್ ನಿಮಗೆ ಗೊತ್ತಾ? ಒಬ್ಬರಿಗೆ ಸಂಬಳ ಬಿದ್ದ ದಿನ. ಒಬ್ಬರಿಗೆ ಶುಕ್ರವಾರ ರಾತ್ರಿ, ಟೀಮಿನವರೆಲ್ಲ "ಬಾ ಮಗಾ, ಒಂದೇ ಒಂದು" ಅಂತ ಕರೆಯುವಾಗ. ಒಬ್ಬರಿಗೆ ಪಿಜಿಯಲ್ಲಿ ರೂಮ್‌ಮೇಟ್ ಊರಿಗೆ ಹೋದ ವಾರ. ಒಬ್ಬ ತಂಗಿಗೆ ಯಾರೋ "ಹಾಯ್, ಹೇಗಿದ್ದೀಯ" ಅಂತ ಆರು ತಿಂಗಳ ಮೇಲೆ ಮೆಸೇಜ್ ಹಾಕಿದಾಗ. ಮನೇಲಿ ಅಪ್ಪ ಬೈದ ದಿನ, ಮ್ಯಾನೇಜರ್ ಎಲ್ಲರ ಮುಂದೆ ಅವಮಾನ ಮಾಡಿದ ದಿನ. ವೈರಿ ಸುಮ್ಮನೆ ಬರಲ್ಲ, ಲೆಕ್ಕ ಹಾಕಿ ಬರ್ತಾನೆ.

ನಮ್ಮ ಕರ್ತನ ಜೀವಿತ ನೋಡಿ. ಲೂಕ 4ರಲ್ಲಿ ಯೇಸು ಸ್ವಾಮಿ ಅರಣ್ಯದಲ್ಲಿ ನಲವತ್ತು ದಿನ ಉಪವಾಸ ಇದ್ದರು. ಮೂರು ಸಾರಿ ಸೈತಾನ ಬಂದ, ಮೂರು ಸಾರಿಯೂ ವಾಕ್ಯದಿಂದಲೇ ಗೆದ್ದರು. ಆಮೆನ್? ಆದರೆ 13ನೇ ವಚನದ ಕೊನೆ ಓದಿ. ಸೈತಾನ ಹೋದದ್ದು ಶಾಶ್ವತವಾಗಿ ಅಲ್ಲ, ತಕ್ಕ ಸಮಯ ಸಿಗುವ ತನಕ ಮಾತ್ರ. ಮತ್ತೆ ಬಂದ. ಜನರು ಯೇಸುವನ್ನು ಬಲವಂತದಿಂದ ಅರಸನನ್ನಾಗಿ ಮಾಡೋಕೆ ನೋಡಿದ್ರು, ಯೋಹಾನ 6:15. ಶಿಲುಬೆ ಇಲ್ಲದ ಕಿರೀಟ, ಅರಣ್ಯದಲ್ಲಿ ತೋರಿಸಿದ ಅದೇ ಸರಕು. ಯೇಸು ಒಬ್ಬರೇ ಬೆಟ್ಟಕ್ಕೆ ಹೋದರು. ಮತ್ತೆ ಬಂದ, ಈ ಸಾರಿ ಸ್ನೇಹಿತನ ಬಾಯಲ್ಲಿ. ಪೇತ್ರ ಯೇಸುವನ್ನು ಪಕ್ಕಕ್ಕೆ ಕರ್ಕೊಂಡು ಹೋಗಿ ನಿಮಗೆ ಇದೆಲ್ಲ ಆಗಬಾರದು ಅಂದ, ಮತ್ತಾಯ 16. ಕಡೆಗೆ ಶಿಲುಬೆಯ ಕೆಳಗೆ ನಿಂತವರ ಬಾಯಲ್ಲಿ ಬಂದ: ದೇವರ ಮಗನಾಗಿದ್ದರೆ ಇಳಿದು ಬಾ. ಅರಣ್ಯದಲ್ಲಿ ಕೇಳಿದ ಅದೇ "ಆಗಿದ್ದರೆ"! ಮೂರು ವರ್ಷ ಕಳೆದರೂ ಪ್ರಶ್ನೆ ಬದಲಾಗಿಲ್ಲ.

ಪಾಪವಿಲ್ಲದ ನಮ್ಮ ಕರ್ತನ ಹತ್ತಿರವೇ ಮತ್ತೆ ಮತ್ತೆ ಬಂದ ಅಂದ್ರೆ, ನಿನ್ನ ಹತ್ತಿರ ಮತ್ತೆ ಬಂದದ್ದಕ್ಕೆ "ನನ್ನ ರಕ್ಷಣೆ ಸುಳ್ಳು, ನನ್ನ ದೀಕ್ಷಾಸ್ನಾನ ಸುಳ್ಳು" ಅಂತ ಯಾಕೆ ಕುಗ್ಗಿ ಹೋಗ್ತೀಯ? ಶೋಧನೆ ಬಂದದ್ದು ಪಾಪ ಅಲ್ಲ. ಬಾಗಿಲು ತಟ್ಟೋದು ಅವನ ಕೆಲಸ. ಒಳಗೆ ಕರೆಯೋದು ಬಿಡೋದು ನಿನ್ನ ಕೈಯಲ್ಲಿದೆ.

ಎರಡನೇ ಮಾತು: ವೈರಿ ಜಾಗ ಬದಲಾಯಿಸ್ತಾನೆ.

23ನೇ ವಚನದಿಂದ ನೋಡಿ. ಸೋತ ಬೆನ್ಹದದನ ಸೇವಕರು ಮೀಟಿಂಗ್ ಮಾಡ್ತಾರೆ. ಯಾಕೆ ಸೋತ್ವಿ ಅಂತ ಚರ್ಚೆ. ಇಸ್ರಾಯೇಲ್ಯರ ದೇವರು ಬೆಟ್ಟದ ದೇವರು, ಅದಕ್ಕೆ ಸೋತ್ವಿ, ಈ ಸಾರಿ ಬಯಲಿನಲ್ಲಿ ಯುದ್ಧ ಮಾಡೋಣ ಅಂದ್ರು. 32 ರಾಜರನ್ನ ತೆಗೆದುಹಾಕಿ ಅವರ ಜಾಗದಲ್ಲಿ ಅಧಿಪತಿಗಳನ್ನ ನೇಮಿಸಿದರು. ಕುದುರೆಗೆ ಕುದುರೆ, ರಥಕ್ಕೆ ರಥ ಲೆಕ್ಕ ಹಾಕಿದರು. ಸೋತವರು ಕೂತು ಪಾಠ ಕಲಿತಾ ಇದ್ದಾರೆ. ಗೆದ್ದವರು?

ಬೆಟ್ಟ ಅಂದರೆ ನಮಗೆ ಏನು? ಯೂತ್ ಕ್ಯಾಂಪ್. ಉಪವಾಸ ಕೂಟ. ಭಾನುವಾರದ ಆರಾಧನೆ, ಕೀಬೋರ್ಡ್, ಡ್ರಮ್ಸ್, ಎಲ್ಲರ ಕೈ ಮೇಲೆ. ಇಲ್ಲಿ ಯಾರು ಬೇಕಾದ್ರೂ ಗೆಲ್ಲಬಹುದು. ಬಯಲು ಯಾವುದು? ಸೋಮವಾರ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಒಂದು ಗಂಟೆ ನಿಂತು, ಮನೆಗೆ ಬಂದು, ಊಟ ಮಾಡಿ, ಲೈಟ್ ಆರಿಸಿ ಮಲಗಿದ ಮೇಲೆ ಕೈಯಲ್ಲಿರೋ ಆ ಐದಾರು ಇಂಚಿನ ಬಯಲು. ಅಲ್ಲಿ ಆರಾಧನೆ ಟೀಮ್ ಇಲ್ಲ, ಪಾಸ್ಟರ್ ಇಲ್ಲ. ಸೈತಾನನಿಗೆ ನೀನು ಭಾನುವಾರ ಕೈ ಎತ್ತೋದ್ರ ಬಗ್ಗೆ ಚಿಂತೆಯೇ ಇಲ್ಲ. ಅವನು ಡೇರೆ ಹಾಕೋದು ಬಯಲಲ್ಲಿ.

ಆದರೆ ಇಲ್ಲೇ ಸುವಾರ್ತೆ ಇದೆ, ಕೇಳಿ! 28ನೇ ವಚನದಲ್ಲಿ ದೇವಮನುಷ್ಯನು ಬಂದು ಹೇಳ್ತಾನೆ: ಅವರು ನನ್ನನ್ನ ಬೆಟ್ಟದ ದೇವರು ಮಾತ್ರ ಅಂದುಕೊಂಡದ್ದರಿಂದಲೇ ಆ ದೊಡ್ಡ ಸಮೂಹವನ್ನ ನಿನ್ನ ಕೈಗೆ ಕೊಡ್ತೀನಿ ಅಂತ ದೇವರು ಹೇಳಿದ್ದಾರೆ ಅಂತ. ಅಫೇಕಿನ ಬಯಲಲ್ಲಿ ಇಸ್ರಾಯೇಲ್ಯರು ಎರಡು ಚಿಕ್ಕ ಆಡಿನ ಮಂದೆಯ ಹಾಗೆ ಕಾಣ್ತಿದ್ದರು. ಅರಾಮ್ಯರು ದೇಶ ತುಂಬಾ ಇದ್ದರು. ಏಳು ದಿನ ಎದುರೆದುರು. ಏಳನೇ ದಿನ ದೇವರು ಬಯಲಲ್ಲೂ ಗೆಲ್ಲಿಸಿದರು. ನಿನ್ನ ದೇವರು ಭಾನುವಾರದ ದೇವರು ಮಾತ್ರ ಅಲ್ಲ. ನಿನ್ನ ಪಿಜಿ ರೂಮಿನ ದೇವರೂ ಹೌದು. ರಾತ್ರಿ ಹನ್ನೊಂದೂವರೆಯ ದೇವರೂ ಹೌದು. ಹಲ್ಲೆಲೂಯಾ!

ಮೂರನೇ ಮಾತು. ಇದು ಕಷ್ಟದ್ದು: ವೈರಿಯನ್ನ "ತಮ್ಮ" ಅಂತ ಕರೀಬೇಡ.

ಎರಡು ಸಾರಿ ಗೆದ್ದ ಅಹಾಬ ಏನು ಮಾಡಿದ? ಬೆನ್ಹದದ ಓಡಿಹೋಗಿ ಒಳಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದ. ಅವನ ಸೇವಕರು ಸೊಂಟಕ್ಕೆ ಗೋಣಿತಟ್ಟು ಸುತ್ತಿಕೊಂಡು, ತಲೆಗೆ ಹಗ್ಗ ಕಟ್ಟಿಕೊಂಡು ಬಂದು ಜೀವ ಉಳಿಸಿ ಅಂತ ಬೇಡಿಕೊಂಡರು. ಅಹಾಬ ಏನಂದ? ಇನ್ನೂ ಇದ್ದಾನಾ, ಅವನು ನನ್ನ ಸಹೋದರ ಅಂದ. ರಥದಲ್ಲಿ ಕೂರಿಸಿಕೊಂಡ. ಬೆನ್ಹದದ ಡೀಲ್ ಇಟ್ಟ: ನಮ್ಮಪ್ಪ ತಗೊಂಡ ಊರುಗಳನ್ನ ವಾಪಸ್ ಕೊಡ್ತೀನಿ, ದಮಸ್ಕದಲ್ಲಿ ನೀನು ಅಂಗಡಿ ಬೀದಿಗಳನ್ನ ಮಾಡಿಕೋ. ಅಹಾಬನಿಗೆ ವ್ಯಾಪಾರ ಕಾಣಿಸ್ತು. ಒಪ್ಪಂದ ಮಾಡಿ ಕಳಿಸಿಬಿಟ್ಟ.

ನೀವು ತಪ್ಪು ತಿಳಿಬಾರದು. ಮನುಷ್ಯರನ್ನ ಕ್ಷಮಿಸಬೇಕು, ವೈರಿಗಳನ್ನ ಪ್ರೀತಿಸಬೇಕು ಅಂತ ಯೇಸು ಕಲಿಸಿದ್ದಾರೆ. ನಾನು ಹೇಳ್ತಿರೋದು ಮನುಷ್ಯರ ಬಗ್ಗೆ ಅಲ್ಲ, ನಮ್ಮೊಳಗಿನ ಪಾಪದ ಬಗ್ಗೆ. ಅದನ್ನ ಆತ್ಮನಿಂದ ಸಾಯಿಸಬೇಕು ಅಂತ ಪೌಲನು ರೋಮಾಪುರದವರಿಗೆ 8:13ರಲ್ಲಿ ಬರೀತಾನೆ. ಅದರ ಜೊತೆ ಒಪ್ಪಂದ ಮಾಡ್ಕೋಬಾರದು.

ಈಗ ನನ್ನ ಒಂದು ಸಾಕ್ಷಿ ಹೇಳ್ತೀನಿ. ನನ್ನ ಹೆಂಡತಿ ಇಲ್ಲೇ ಕೂತಿದ್ದಾಳೆ, ಅವಳನ್ನ ಕೇಳಿಯೇ ಹೇಳ್ತಿದ್ದೀನಿ. ನಾನು ಪೂರ್ಣಾವಧಿ ಸೇವೆಗೆ ಬರೋ ಮೊದಲು ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡ್ತಿದ್ದೆ. ಸಭೆಗೆ ಬರ್ತಿದ್ದೆ, ಗಿಟಾರ್ ನುಡಿಸ್ತಿದ್ದೆ. ಆದರೆ ಒಳಗೊಳಗೆ ಕ್ರಿಕೆಟ್ ಬೆಟ್ಟಿಂಗ್ ಚಟ ಇತ್ತು. ಮೊದಲು ನೂರು ರೂಪಾಯಿ, ಆಮೇಲೆ ಸಾವಿರ. ಒಂದು ಉಪವಾಸ ಕೂಟದಲ್ಲಿ ದೇವರು ನನ್ನನ್ನ ಮುಟ್ಟಿದರು. ನೆಲಕ್ಕೆ ಬಿದ್ದು ಅತ್ತೆ. ಹೆಂಡತಿಗೆ ಎಲ್ಲ ಹೇಳಿದೆ. ಅವಳೂ ಅತ್ತಳು, ಕ್ಷಮಿಸಿದಳು. ಹತ್ತು ತಿಂಗಳು ಒಂದು ರೂಪಾಯಿ ಕಟ್ಟಲಿಲ್ಲ.

ಆದರೆ ಒಂದು ಕೆಲಸ ಮಾಡಿದ್ದೆ. ಬೆಟ್ಟಿಂಗ್ ತಗೊಳ್ಳೋನ ನಂಬರ್ ಡಿಲೀಟ್ ಮಾಡಿರಲಿಲ್ಲ. ಹೆಸರು ಮಾತ್ರ ಬದಲಾಯಿಸಿ "ಪ್ಲಂಬರ್" ಅಂತ ಸೇವ್ ಮಾಡಿದ್ದೆ.

ನಗಬೇಡಿ. ನಿಮ್ಮ ಫೋನಲ್ಲಿ ಎಷ್ಟು ಪ್ಲಂಬರ್ ಇದ್ದಾರೆ ನನಗೆ ಗೊತ್ತು.

ಏಪ್ರಿಲ್ ಬಂತು, ಮ್ಯಾಚ್ ಸೀಸನ್. ಹೆಂಡತಿ ತುಂಬು ಗರ್ಭಿಣಿ, ತವರಿಗೆ ಹೋಗಿದ್ದಳು. ಮನೆಯಲ್ಲಿ ಒಬ್ಬನೇ. ಮೂರು ವಾರದಲ್ಲಿ 18 ಸಾವಿರ ಹೋಯ್ತು. ಯಾವ ದುಡ್ಡು ಗೊತ್ತಾ? ಆಸ್ಪತ್ರೆಗೆ ಅಂತ ಅವಳು ತಿಂಗಳು ತಿಂಗಳು ಕಟ್ಟಿದ್ದ ಚೀಟಿ ದುಡ್ಡು. ನಡುವೆ ಒಂದು ಭಾನುವಾರ ಅವಳು ಮನೆಗೆ ಬಂದಳು. ಅಡುಗೆಮನೆ ಸಿಂಕ್ ಸೋರ್ತಿತ್ತು. ನಾನು ಸ್ನಾನಕ್ಕೆ ಹೋಗಿದ್ದೆ. ಅವಳು ನನ್ನ ಫೋನ್ ತಗೊಂಡು ಪ್ಲಂಬರ್‌ಗೆ ಫೋನ್ ಮಾಡಿದಳು. ಆ ಕಡೆಯಿಂದ ಅವನು, "ಹೇಳಿ ಅಣ್ಣ, ಇವತ್ತು ಯಾವ ಟೀಮ್ ಮೇಲೆ? ಎಷ್ಟು?"

ನಾನು ಹೊರಗೆ ಬಂದಾಗ ಫೋನ್ ಟೇಬಲ್ ಮೇಲಿತ್ತು. ಅವಳು ಕಿರುಚಲಿಲ್ಲ, ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ರೀ, ನೀವು ಅಳ್ತಾ ಪ್ರಾರ್ಥನೆ ಮಾಡಿದ ದಿನನೂ ಈ ನಂಬರ್ ಇತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಇತ್ತು. ನನ್ನ ಕಣ್ಣೀರು ಸುಳ್ಳಲ್ಲ. ಆದರೆ ಒಳಕೋಣೆಯಲ್ಲಿ ನಾನು ಬೆನ್ಹದದನನ್ನ ಜೀವಂತ ಇಟ್ಟಿದ್ದೆ. "ಎಲ್ಲಾದರೂ ಬೇಕಾದರೆ" ಅಂತ ಇಟ್ಟಿದ್ದೆ. ನಾನು ಬಿದ್ದದ್ದು ಏಪ್ರಿಲಲ್ಲಿ ಅಲ್ಲ ಪ್ರಿಯರೇ. ಹೆಸರು ಬದಲಾಯಿಸಿದ ದಿನವೇ ಬಿದ್ದಿದ್ದೆ. ಏಪ್ರಿಲಲ್ಲಿ ಗೊತ್ತಾಯ್ತು ಅಷ್ಟೇ.

ಅಹಾಬನ ಕಥೆ ಏನಾಯ್ತು? 22ನೇ ಅಧ್ಯಾಯ. ಮೂರು ವರ್ಷ ಯುದ್ಧ ಇಲ್ಲ, ಎಲ್ಲ ಶಾಂತ. ಆದರೆ ಊರುಗಳನ್ನ ಕೊಡ್ತೀನಿ ಅಂದವನ ಮಾತು ಏನಾಯ್ತು ನೋಡಿ, ರಾಮೋತ್ ಗಿಲ್ಯಾದ್ ಇನ್ನೂ ಅರಾಮ್ಯರ ಕೈಯಲ್ಲೇ ಇತ್ತು. ಅದಕ್ಕಾಗಿ ಅಹಾಬ ಯುದ್ಧಕ್ಕೆ ಹೋದ, ವೇಷ ಮರೆಸಿಕೊಂಡು. ಅರಾಮಿನ ಅರಸ ತನ್ನ 32 ರಥಾಧಿಪತಿಗಳಿಗೆ ಕೊಟ್ಟ ಆಜ್ಞೆ ಒಂದೇ: ಚಿಕ್ಕವರು ದೊಡ್ಡವರು ಯಾರನ್ನೂ ನೋಡಬೇಡಿ, ಇಸ್ರಾಯೇಲಿನ ಅರಸನನ್ನ ಮಾತ್ರ ಹುಡುಕಿ. ಯಾರನ್ನ "ಸಹೋದರ" ಅಂತ ರಥದಲ್ಲಿ ಕೂರಿಸಿಕೊಂಡು ಕಳಿಸಿದನೋ, ಆ ಅರಾಮಿನಿಂದಲೇ ಬಂದ ಬಾಣ ಅವನ ಕವಚದ ಸಂದಿಯಲ್ಲಿ ನಾಟಿತು. ಸಾಯಂಕಾಲ ರಥದಲ್ಲೇ ಸತ್ತ. ಇವತ್ತು ನೀನು ಉಳಿಸಿದ ಪಾಪ ನಾಳೆ ನಿನ್ನನ್ನ ಉಳಿಸಲ್ಲ.

ಹಾಗಾದರೆ ಏನು ಮಾಡೋಣ? ಬಲಪಡಿಸಿಕೋ ಅಂದರೆ ಹಲ್ಲು ಕಚ್ಚಿಕೊಂಡು ಇರು ಅಂತ ಅಲ್ಲ. ಯಾಜಕಕಾಂಡ 9ರಲ್ಲಿ ಬೆಂಕಿ ದೇವರ ಸನ್ನಿಧಿಯಿಂದ ಬಂತು. ಅದು ದೇವರ ಕೆಲಸ. ಆದರೆ 6:12ರಲ್ಲಿ ಯಾಜಕನಿಗೆ ಒಂದು ಕೆಲಸ ಕೊಟ್ಟಿದ್ದಾರೆ: ಪ್ರತಿ ಬೆಳಿಗ್ಗೆ ಕಟ್ಟಿಗೆ ಹಾಕಬೇಕು, ಬೆಂಕಿ ಆರಬಾರದು. ನಾವು ಪೆಂತೆಕೊಸ್ತಿನವರು ಬೆಂಕಿ ಬೀಳಲಿ ಅಂತ ಕೂಗ್ತೀವಿ, ಸ್ತೋತ್ರ! ಕಟ್ಟಿಗೆ ಯಾರು ಹಾಕಬೇಕು? ಹೋದ ವಾರ ಬಿದ್ದ ಬೆಂಕಿಗೆ ಈ ವಾರ ಎಷ್ಟು ಬೆಳಿಗ್ಗೆ ಕಟ್ಟಿಗೆ ಹಾಕಿದೆ? ಎದ್ದ ತಕ್ಷಣ ಕೈ ಫೋನಿಗೆ ಹೋಗುತ್ತಾ, ವಾಕ್ಯಕ್ಕೆ ಹೋಗುತ್ತಾ? ಹದಿನೈದು ನಿಮಿಷ ಸಾಕು, ಶುರು ಮಾಡು. ಆತ್ಮಭರಿತರಾಗಿರಿ ಅಂತ ಎಫೆಸ 5:18 ಹೇಳೋದು ಕ್ಯಾಂಪಿಗೆ ಮಾತ್ರ ಅಲ್ಲ, ಪ್ರತಿ ದಿನಕ್ಕೆ.

ಇನ್ನು ಮೂರು ಕೆಲಸ ಮಾಡಿ. ಇವತ್ತು ಮನೆಗೆ ಹೋಗಿ ನಿಮ್ಮ ಕ್ಯಾಲೆಂಡರ್ ಬರೀರಿ. ಯಾವ ದಿನ, ಯಾವ ಹೊತ್ತು, ಯಾರ ಜೊತೆ ನಾನು ಬೀಳ್ತೀನಿ? ಮುಚ್ಚುಮರೆ ಇಲ್ಲದೆ ಬರೀರಿ. ಎರಡನೇದು, ಒಳಕೋಣೆ ಹುಡುಕಿ. ಆ ನಂಬರ್, ಆ ಆ್ಯಪ್, ಬೀರುವಿನ ಹಿಂದಿನ ಆ ಬಾಟಲಿ. ನಾಳೆ ಅಲ್ಲ, ಇವತ್ತು ಊಟಕ್ಕೆ ಮುಂಚೆ. ಮೂರನೇದು, ಒಬ್ಬರಿಗೆ ಹೇಳಿ. ಹುಡುಗರು ಒಬ್ಬ ಅಣ್ಣನಿಗೆ, ಹುಡುಗಿಯರು ಒಬ್ಬ ಅಕ್ಕನಿಗೆ. ನನ್ನ ವಿಷಯ ಗೊತ್ತಿರೋ ಸಭೆಯ ಒಬ್ಬ ಹಿರಿಯರು ಇವತ್ತಿಗೂ ಏಪ್ರಿಲ್ ಬಂದರೆ ನನಗೆ ಫೋನ್ ಮಾಡ್ತಾರೆ. "ಪಾಸ್ಟರೇ, ಸಿಂಕ್ ಸೋರ್ತಿದೆಯಾ?" ಅಂತ ಕೇಳ್ತಾರೆ. ನಾನು ಪಾಸ್ಟರ್ ಆಗಿ ಎಷ್ಟೋ ವರ್ಷ ಆಯ್ತು, ಆದರೂ ಕೇಳ್ತಾರೆ. ಕೇಳಬೇಕು. ನನಗೆ ನಾಚಿಕೆ ಇಲ್ಲ, ಅದು ನನ್ನ ಕವಚದ ಸಂದಿ ಮುಚ್ಚೋ ಫೋನ್.

ಕೊನೆಯದಾಗಿ, ಇಲ್ಲಿ ಯಾರೋ ಯೋಚಿಸ್ತಿದ್ದೀರಿ: "ಪಾಸ್ಟರ್, ಲೇಟಾಯ್ತು. ಹೋದ ಶನಿವಾರ ಸಾಕ್ಷಿ ಹೇಳಿದೆ, ಬುಧವಾರ ಬಿದ್ದೆ. ಯಾವ ಮುಖ ಇಟ್ಕೊಂಡು ಮುಂದೆ ಬರಲಿ?" ನಿನಗೆ ಲೂಕ 22:31-32. ಸೈತಾನ ಶಿಷ್ಯರನ್ನ ಗೋಧಿಯಂತೆ ಒನೆಯೋಕೆ ಕೇಳಿಕೊಂಡಿದ್ದಾನೆ ಅಂತ ಯೇಸು ಪೇತ್ರನಿಗೆ ಮೊದಲೇ ಹೇಳಿದರು. ಆದರೆ ನಿನ್ನ ನಂಬಿಕೆ ಕುಂದದಂತೆ ನಾನು ಪ್ರಾರ್ಥಿಸಿದ್ದೇನೆ ಅಂದರು. ಆಮೇಲೆ ಒಂದು ಮಾತು: ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನ ದೃಢಪಡಿಸು. ತಿರುಗಿಕೊಂಡರೆ ಅಂತ ಅಲ್ಲ, ತಿರುಗಿಕೊಂಡ ಮೇಲೆ! ಪೇತ್ರ ಬೀಳೋ ಮುಂಚೆಯೇ ಅವನು ಎದ್ದ ಮೇಲಿನ ಕೆಲಸವನ್ನ ಯೇಸು ಕೊಟ್ಟಾಗಿತ್ತು. ವೈರಿ ಮತ್ತೆ ಬರ್ತಾನೆ, ನಿಜ. ಆದರೆ ಅವನು ಹೊರಡೋ ಮೊದಲೇ ನಿನಗಾಗಿ ಪ್ರಾರ್ಥನೆ ಮಾಡಿದವರು ಒಬ್ಬರಿದ್ದಾರೆ.

ಆ ಭಾನುವಾರ ನನ್ನ ಹೆಂಡತಿ ಫೋನ್ ನನ್ನ ಕೈಗೆ ಕೊಟ್ಟು "ನೀವೇ ಡಿಲೀಟ್ ಮಾಡಿ" ಅಂದಳು. ಅವಳ ಮುಂದೆಯೇ ಮಾಡಿದೆ. ಆ 18 ಸಾವಿರ ತುಂಬಿಸೋಕೆ ಒಂದೂವರೆ ವರ್ಷ ಹಿಡೀತು. ಹೆರಿಗೆ ಖರ್ಚಿಗೆ ಅವಳ ಅಣ್ಣನ ಹತ್ತಿರ ಸಾಲ ಕೇಳಬೇಕಾಯ್ತು. ಕ್ಷಮೆ ಅವತ್ತೇ ಸಿಕ್ತು, ಸಾಲ ಮಾತ್ರ ತಿಂಗಳು ತಿಂಗಳು ತೀರಿಸಿದ್ವಿ. ಆ ಮಗು ಈಗ ಸಂಡೇ ಸ್ಕೂಲಿನಲ್ಲಿ ಕೂತಿದೆ. ದೇವರಿಗೆ ಸ್ತೋತ್ರ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಸಂಗೀತದವರು ಮೆಲ್ಲಗೆ ನುಡಿಸಿ. ಯಾರ ಫೋನಲ್ಲಿ ಪ್ಲಂಬರ್ ಇದ್ದಾನೋ ಅವರು ಅಲ್ಲೇ ನಿಂತು ಫೋನ್ ತೆಗೆಯಿರಿ. ಇವತ್ತು ಇದೇ ಆಲ್ಟರ್ ಕಾಲ್. ಯಾರೂ ಯಾರನ್ನೂ ನೋಡಬೇಡಿ. ತೆಗೆದುಹಾಕಿ, ಆಮೇಲೆ ಕೈ ಎತ್ತಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮಗೆ ಜಯ ಕೊಟ್ಟದ್ದಕ್ಕಾಗಿ ಸ್ತೋತ್ರ. ಗೆದ್ದ ದಿನ ನಾವು ನಿದ್ದೆ ಹೋದೆವು, ಕ್ಷಮಿಸು ತಂದೆ. ಯಾವುದನ್ನ ನೀನು ಸಾಯಿಸು ಅಂದೆಯೋ ಅದನ್ನ ನಾವು ತಮ್ಮ ಅಂತ ಕರೆದು ಬಚ್ಚಿಟ್ಟೆವು, ಕ್ಷಮಿಸು. ಈ ಯೌವನಸ್ಥರು ಸೋಮವಾರದ ಬಯಲಿಗೆ ಇಳಿಯುವಾಗ ಬಯಲಿನಲ್ಲೂ ನೀನೇ ದೇವರು ಅಂತ ತೋರಿಸು. ಪ್ರತಿ ಬೆಳಿಗ್ಗೆ ಕಟ್ಟಿಗೆ ಹಾಕುವ ಮನಸ್ಸು ಕೊಡು. ಬಿದ್ದವರನ್ನ ಎತ್ತು, ನಿಂತವರನ್ನ ಕಾಪಾಡು. ಪವಿತ್ರಾತ್ಮನೇ, ನಮ್ಮನ್ನ ತುಂಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.